ಎರಡಾಗಿ ಇಳಿಯುತ್ತಿದ್ದ ಚೆಂಡು

ತೊಂಬತ್ತರ ದಶಕದಲ್ಲಿ ನಾನು ಬಸವಕಲ್ಯಾಣದ ಒಂದು ಕ್ರಿಕೆಟ್ ತಂಡಕ್ಕೆ ಆಡುತ್ತಿದ್ದೆ. ಬ್ಯಾಟಿಂಗ್ ಅಷ್ಟಕ್ಕಷ್ಟೇ. ಆದರೆ ಬೌಂಡರಿ ಹತ್ತಿರ ನಿಂತರೆ ಮೇಲೆದ್ದ ಚೆಂಡು ಕೈತಪ್ಪುತ್ತಿರಲಿಲ್ಲ. ಅದನ್ನು ನೋಡಿಯೇ ಹುಮನಾಬಾದಿನ ಒಂದು ಫ್ಯಾಕ್ಟರಿಯವರು ತಮ್ಮ ತಂಡಕ್ಕೆ ಕರೆದು, ಪ್ಯಾಕಿಂಗ್ ಕೆಲಸ ಕೊಟ್ಟರು. ಆಡುವವರೆಗೆ ಮಾತ್ರ ನೌಕರಿ ಎಂದು ಮೊದಲೇ ಹೇಳಿದ್ದರು.

ಸೇರಿದ ವರ್ಷವೇ ಒಂದು ಪಂದ್ಯದಲ್ಲಿ ಎತ್ತರದ ಕ್ಯಾಚಿಗಾಗಿ ನಾನೂ ನಮ್ಮ ಬೌಲರೂ ಒಟ್ಟಿಗೆ ಓಡಿದೆವು. ಇಬ್ಬರ ಕಣ್ಣೂ ಮೇಲಿತ್ತು. ಅವನ ಮೊಣಕೈ ಬಡಿದು ನನ್ನ ಎಡಗಣ್ಣಿನ ಕೆಳಗಿನ ಎಲುಬು ಮುರಿಯಿತು. ಬಾವು ಇಳಿದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ತಲೆಯೆತ್ತಿದರೆ ಕಂಬದ ಮೇಲಿನ ಕಾಗೆ ಎರಡಾಗಿ ಕಂಡಿತು.

ಹೆಂಡತಿಗೆ ಮಾತ್ರ ಹೇಳಿದೆ.

"ಆಟ ಬಿಟ್ಟುಬಿಡ್ರಿ," ಅಂದಳು.

"ಬಿಟ್ರ ನೌಕರಿ ಹ್ಯಾಂಗ ಉಳೀತದ?"

ಅಂದಿನಿಂದ ಸಂಜೆ ಅವಳು ಮಾಳಿಗೆ ಮೇಲಿಂದ ಚೆಂಡು ಎಸೆಯುವುದು, ನಾನು ಅಂಗಳದಲ್ಲಿ ಹಿಡಿಯುವುದು. ಎಡಗಣ್ಣು ಮುಚ್ಚಿದರೆ ಚೆಂಡು ಒಂದೇ ಆಗುತ್ತಿತ್ತು, ಆದರೆ ಎಷ್ಟು ದೂರದಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಒಮ್ಮೆ ನೇರ ಹಣೆಗೇ ಬಿತ್ತು. ಅವಳು ಅಳುತ್ತ ಇಳಿದು ಬಂದಳು.

"ನನ್ನ ಕೈಲೇ ನಿಮ್ಮ ಕಣ್ಣು ಹೋದ್ರ ಏನ್ ಮಾಡ್ಲಿ?"

ಮರುದಿನ ಮತ್ತೆ ಮಾಳಿಗೆ ಹತ್ತಿದಳು.

ಮುಂದಿನ ಪಂದ್ಯಕ್ಕೆ ಫ್ಯಾಕ್ಟರಿಯ ಮ್ಯಾನೇಜರ್ ಸಾಹೇಬರೂ ಬಂದಿದ್ದರು. ದೇವರೇ, ನನ್ನ ಕಡೆ ಬರದಿರಲಿ ಎಂದು ಬೇಡುತ್ತ ನಿಂತಿದ್ದೆ. ಬಂದೇ ಬಂತು. ಬಿಸಿಲೊಳಗಿಂದ ಎರಡು ಚೆಂಡು ಇಳಿಯುತ್ತಿದ್ದವು. ಎಡಗಣ್ಣು ಮುಚ್ಚಿದೆ. ಚೆಂಡು ಅಂಗೈ ತಪ್ಪಿ ಎದೆಗೆ ಬಡಿಯಿತು. ಎರಡೂ ತೋಳಲ್ಲಿ ಅವಚಿಕೊಂಡು ಅಲ್ಲೇ ಕುಸಿದೆ.

ನಮ್ಮ ಕ್ಯಾಪ್ಟನ್ ಓಡಿ ಬಂದು ಎಬ್ಬಿಸಿದ. "ಶಾಭಾಸ್! ಅಲ್ಲೋ, ಯಾಕ ಹಿಂಗ ನಡಗಾಕತ್ತಿ?"

"ಎದಿಗೆ ಬಡೀತು," ಅಂದೆ.

ನೌಕರಿ ಮುಂದಿನ ಬೇಸಿಗೆಯವರೆಗೆ ಉಳಿಯಿತು. ಆಮೇಲೆ ಆ ತಂಡವನ್ನೇ ಮುಚ್ಚಿದರು. ಮತ್ತೆ ಬಸವಕಲ್ಯಾಣದ ವ್ಯಾಪಾರಸ್ಥರ ತಂಡ, ಅಲ್ಲಿಂದ ಹುಮನಾಬಾದಿನ ಒಂದು ದಾಲ್ ಮಿಲ್ಲಿನ ತಂಡ, ಅದೇ ಮಿಲ್ಲಿನಲ್ಲಿ ಕೆಲಸ. ಕೆಲವು ಕ್ಯಾಚ್ ಹಿಡಿದೆ, ಕೆಲವು ಬಿಟ್ಟೆ. ಬಿಟ್ಟಾಗೆಲ್ಲ, ಇನ್ನು ಕರೆಯುವುದಿಲ್ಲ ಎಂದು ಒಳಗೇ ಒದ್ದಾಡುತ್ತಿದ್ದೆ. ಕಣ್ಣು ಕೊನೆಗೂ ಸರಿಹೋಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮೊಣಕಾಲೂ ಸೋತವು. ದಾಲ್ ಮಿಲ್ಲಿನ ಮಾಲೀಕರ ಮುಂದೆ ಹೋಗಿ, ಇನ್ನು ಆಡಲಾರೆ ಎಂದೆ. ಅವರು ಕೆಲಸ ಬಿಡಿಸುತ್ತಾರೆಂದು ಕೈಕಟ್ಟಿ ನಿಂತಿದ್ದೆ. ಅವರು ಲಾರಿ ಕಡೆ ಕೈ ತೋರಿಸಿ, "ಆಟ ಬಿಟ್ರ ಬಿಡು, ತೊಗರಿ ಚೀಲ ಇಳಸಾಕತ್ತಾರ, ಹೋಗಿ ನೋಡ್ಕೋ," ಅಂದರು.

ಆಟ ಬಿಟ್ಟೆ, ನೌಕರಿ ಉಳಿಯಿತು ಎಂದು ಮನೆಗೆ ಬಂದು ಹೇಳಿದೆ. ಒಲೆ ಮುಂದೆ ಕೂತಿದ್ದ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಚೆಂಡು ಒಗಿಯೂದು ತಪ್ಪಿತು," ಅಂದಳು.