ಗಟ್ಟಿಗಿತ್ತಿಯ ಹಣೆ

ಹೊಲಿಗೆ ಯಂತ್ರ ರಿಪೇರಿಯವನ ಮಗಳು ನಡೆಯುವುದನ್ನು ಕಲಿಯಲೇ ಇಲ್ಲ, ಅಂಬೆಗಾಲು ಬಿಟ್ಟವಳೇ ಓಡತೊಡಗಿದಳು ಎಂದು ಎದುರುಮನೆಯ ಅಜ್ಜಿ ಹೇಳಿ ನಗುತ್ತಿದ್ದಳು. ಒಂದೂವರೆ ವರ್ಷದ ಆ ಕೂಸಿಗೆ ಹೆದರಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ಕುರ್ಚಿ ಕಂಡರೆ ಹತ್ತುವುದು, ಹತ್ತಿದರೆ ನಿಲ್ಲುವುದು, ನಿಂತರೆ ಎರಡೂ ಕೈ ಬಿಡುವುದು. ಬಿದ್ದರೆ ಅರ್ಧ ನಿಮಿಷದ ಅಳು. ಕಣ್ಣೀರು ಆರುವ ಮೊದಲೇ ಮತ್ತೆ ಅದೇ ಕುರ್ಚಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಬೀದಿಯವರೆಲ್ಲ ಅವಳನ್ನು ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು.

ಆ ಹೆಸರು ಕೇಳಿದಾಗಲೆಲ್ಲ ಅಪ್ಪನ ಕೈ ತಾನಾಗಿ ಮಗಳ ಹಣೆ ಸವರುತ್ತಿತ್ತು. ಅವಳ ಎದೆ ಗಟ್ಟಿ, ನಿಜ. ಆದರೆ ನೆಲಕ್ಕೆ ಬಡಿಯುತ್ತಿದ್ದದ್ದು ತಲೆ.

ಎಂಟು ತಿಂಗಳ ಹಿಂದೆ ಹೆಂಡತಿಗೆ ವರ್ಗವಾಗಿತ್ತು. ಅವಳು ಸರ್ಕಾರಿ ಶಾಲೆಯ ಟೀಚರು. ಹೊಸ ಶಾಲೆ ಬಸ್ಸಿನಲ್ಲಿ ಹನ್ನೊಂದು ಗಂಟೆಯ ದಾರಿ. ಅಲ್ಲಿ ಒಂದೇ ಕೋಣೆಯಲ್ಲಿ ಮೂವರು ಟೀಚರುಗಳ ಜೊತೆ ವಾಸ, ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಇವನ ಕೆಲಸ ಮನೆಯಲ್ಲೇ ಇತ್ತಲ್ಲ, ಮಗು ಇವನ ಹತ್ತಿರವೇ ಇರಲಿ ಎಂದಾಯಿತು. ಹದಿನೈದು ದಿನಕ್ಕೊಮ್ಮೆ ಅವಳು ಬಂದು ಹೋಗುವುದು. ಮಾತಿನಲ್ಲಿ ಅದು ಬಹಳ ಸುಲಭವಾಗಿ ಮುಗಿದುಹೋಗಿತ್ತು.

ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯೇ ಅಂಗಡಿ. ಗೋಡೆಯುದ್ದಕ್ಕೂ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೆಟ್ಟ ಯಂತ್ರಗಳು ಸಾಲಾಗಿ ನಿಂತಿರುತ್ತಿದ್ದವು. ಪ್ರತಿ ಸ್ಟ್ಯಾಂಡಿಗೂ ನಾಲ್ಕು ಮೂಲೆ, ಪ್ರತಿ ಮೂಲೆಯೂ ಸರಿಯಾಗಿ ಮಗಳ ಹಣೆಯ ಎತ್ತರಕ್ಕೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನಿಗೆ ಅದುವರೆಗೆ ಆ ಮೂಲೆಗಳು ಕಣ್ಣಿಗೇ ಬಿದ್ದಿರಲಿಲ್ಲ. ದರ್ಜಿಗಳಿಂದ ಚಿಂದಿ ಬಟ್ಟೆ ತಂದು ಒಂದೊಂದಕ್ಕೂ ಸುತ್ತಿ ದಾರ ಕಟ್ಟಿದ. ಹೊಸ್ತಿಲ ಕೆಳಗೆ ಹಳೆಯ ಹಾಸಿಗೆ ಹಾಸಿದ. ಗಟ್ಟಿಗಿತ್ತಿ ಹಾಸಿಗೆಯನ್ನು ದಾಟಿ ಆಚೆ ಹೋಗಿ ಬಿದ್ದಳು.

ಮೊದಲೆಲ್ಲ ಅವನು ಕಿವಿಯಿಂದಲೇ ಕೆಲಸ ಮಾಡುತ್ತಿದ್ದವನು. ಚಕ್ರ ಒಂದು ಸುತ್ತು ತಿರುಗಿಸಿದರೆ ಸಾಕು, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಈಗ ಒಂದು ಕಿವಿ ಮಾತ್ರ ಯಂತ್ರದ್ದು, ಇನ್ನೊಂದು ಪುಟ್ಟ ಪಾದಗಳದ್ದು. ಸದ್ದು ಇದ್ದಷ್ಟು ಹೊತ್ತು ನೆಮ್ಮದಿ. ಸದ್ದು ನಿಂತರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ಬೀಳುತ್ತಿತ್ತು.

ಬಿದ್ದ ಹೊಡೆತಕ್ಕಿಂತ, ಆಮೇಲಿನ ಹೊತ್ತು ಅವನಿಗೆ ಕಷ್ಟದ್ದು. ಒದ್ದೆ ಬಟ್ಟೆ ಒತ್ತಿ ಹಿಡಿದು, ಬುಗುಟು ಏರುವುದನ್ನು ನೋಡುತ್ತ ಕೂರಬೇಕು. ಇದು ನಿನ್ನೆಗಿಂತ ದೊಡ್ಡದೇ, ಸಣ್ಣದೇ? ಬಣ್ಣ ಹೀಗಾದರೆ ಸರಿಯೇ? ಸ್ವಲ್ಪ ನೋಡು ಬಾ ಎಂದು ಕರೆಯಲು ಮನೆಯಲ್ಲಿ ಇನ್ನೊಂದು ಜೊತೆ ಕಣ್ಣಿರಲಿಲ್ಲ. ಎದುರುಮನೆಯ ಅಜ್ಜಿಗೆ ದೃಷ್ಟಿ ಮಂದ. ಎಲ್ಲ ಬುಗುಟನ್ನೂ ಬೆರಳಲ್ಲಿ ಸವರಿ, ಮಕ್ಕಳು ಬೀಳದೆ ನಾವೇನು ಬೀಳೋದಾ ಎನ್ನುತ್ತಿದ್ದಳು.

ಬೀದಿಯ ಕೊನೆಯಲ್ಲಿ ಮಕ್ಕಳ ಪಾರ್ಕು ಇತ್ತು. ಬೆಳಿಗ್ಗೆ ಅಲ್ಲಿನ ಸಿಮೆಂಟು ಬೆಂಚಿನ ಮೇಲೆ ತಾಯಂದಿರು ಕೂತು ಹರಟುತ್ತಿದ್ದರು. ಇವನು ಹತ್ತಿರ ಬಂದರೆ ಮಾತು ತಗ್ಗುತ್ತಿತ್ತು. ಅವರು ಒತ್ತಿಕೊಂಡು ಜಾಗ ಬಿಡುತ್ತಿದ್ದರು, ಅಷ್ಟೇ. ಒಂದು ದಿನ ಒಬ್ಬಾಕೆ ಮಗುವಿನ ಹುಬ್ಬಿನ ಮೇಲಿನ ನೀಲಿ ನೋಡಿ, ಬಿದ್ದಾಗ ಹತ್ತಿರ ಯಾರಿದ್ದರು ಎಂದು ಕೇಳಿದಳು. ಆಕೆ ಕನಿಕರದಿಂದಲೇ ಕೇಳಿದ್ದಿರಬಹುದು. ಆದರೆ ಅಂದಿನಿಂದ ಅವನು, ಬುಗುಟಿಲ್ಲದ ದಿನ ಮಾತ್ರ ಪಾರ್ಕಿಗೆ ಹೋಗುವುದೆಂದು ನಿಶ್ಚಯಿಸಿದ. ಅಂಥ ದಿನ ತಿಂಗಳಿಗೆ ಎರಡು ಬಂದರೆ ಹೆಚ್ಚು.

ಹೆಂಡತಿಗೂ ಪೂರ್ತಿ ಹೇಳುತ್ತಿರಲಿಲ್ಲ. ಅವಳು ಬಂದಾಗ ಕಣ್ಣಿಗೆ ಬಿದ್ದ ಒಂದೆರಡು ಗುರುತನ್ನು ಅಜ್ಜಿಯ ಮಾತು ಹೇಳಿ ತೇಲಿಸಿಬಿಡುತ್ತಿದ್ದ. ಸಂಜೆ ವಿಡಿಯೋ ಕರೆ ಬಂದಾಗ ಮಗಳ ನೆಟ್ಟಗಿರುವ ಕೆನ್ನೆಯನ್ನಷ್ಟೇ ಫೋನಿಗೆ ತೋರಿಸುತ್ತಿದ್ದ. ಅಷ್ಟು ದೂರದಲ್ಲಿ ಕೂತವಳು ಕೇಳಿ ಮಾಡುವುದೇನಿದೆ, ನಿದ್ದೆ ಕೆಡಿಸಿಕೊಳ್ಳುವುದು ಬಿಟ್ಟು? ಅವಳು ದಿನವೂ ಎಲ್ಲ ಚೆನ್ನಾಗಿದೆಯಾ ಎನ್ನುವಳು, ಇವನು ದಿನವೂ ಹ್ಞೂಂ ಎನ್ನುವನು. ಫೋನ್ ಇಟ್ಟ ಮೇಲೆ ಕೋಣೆ ಮೊದಲಿಗಿಂತ ಖಾಲಿ ಎನಿಸುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ, ಒಂದು ಯಂತ್ರವನ್ನು ಬುಡಮೇಲು ಮಾಡಿ ಅದರ ಹೊಟ್ಟೆಯೊಳಗೆ ಕೈ ಹಾಕಿದ್ದಾಗ, ಪಾದದ ಸದ್ದು ನಿಂತಿತು. ತಲೆಯೆತ್ತಿ ನೋಡಿದರೆ ಮಗಳು ಸ್ಟೂಲಿನಿಂದ ಕಿಟಕಿಯ ಕಟ್ಟೆ ಏರಿ, ಬೆನ್ನು ಇತ್ತ ಮಾಡಿ ನಿಂತಿದ್ದಾಳೆ. ಅವನು ಕೂಗಲಿಲ್ಲ, ಕೂಗಿದರೆ ತಿರುಗಿಯಾಳು ಎಂಬ ಭಯ. ಮೆಲ್ಲಗೆ ಎದ್ದ. ಎರಡು ಹೆಜ್ಜೆ ಬಾಕಿ ಇರುವಾಗ ಅವಳು ತಾನಾಗಿ ತಿರುಗಿ, ಅಪ್ಪನನ್ನು ಕಂಡು ನಕ್ಕು, ಕೈ ಬಿಟ್ಟಳು.

ಹಿಂದಲೆ ನೆಲಕ್ಕೆ ಬಡಿಯಿತು. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಅಳು. ಆ ಅಳು ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಮುಕ್ಕಾಲು ಗಂಟೆಯ ನಂತರ ಅವಳು ಕುಡಿದ ಹಾಲನ್ನೆಲ್ಲ ಅವನ ಭುಜದ ಮೇಲೆ ವಾಂತಿ ಮಾಡಿಕೊಂಡಳು. ಬಿಚ್ಚಿದ ಯಂತ್ರ ಬಿಚ್ಚಿದಂತೆ, ತೆರೆದ ಬಾಗಿಲು ತೆರೆದಂತೆ ಬಿಟ್ಟು ಆಸ್ಪತ್ರೆಗೆ ಓಡಿದ.

ಮಕ್ಕಳ ಡಾಕ್ಟರು ನಡುವಯಸ್ಸು ದಾಟಿದ ಹೆಂಗಸು. ದೀಪ ಹಿಡಿದು ಕಣ್ಣು ನೋಡಿದರು, ತಲೆಯೆಲ್ಲ ಸವರಿದರು. ಮಗು ಅವರ ಕನ್ನಡಕ ಕಿತ್ತುಕೊಳ್ಳಲು ಕೈ ಚಾಚಿತು. ಎಷ್ಟು ಎತ್ತರದಿಂದ, ಅತ್ತಳಾ, ಎಚ್ಚರ ತಪ್ಪಿತಾ, ಎಷ್ಟು ಸಲ ವಾಂತಿ ಎಂದೆಲ್ಲ ಕೇಳಿದರು. ಅವನು ಒಂದೊಂದಕ್ಕೂ ಅಳೆದಂತೆ ಉತ್ತರ ಕೊಟ್ಟ. ಆಮೇಲೆ ಅವರ ಬೆರಳು ಹಣೆಯ ಹಳೆಯ ಗುರುತುಗಳ ಮೇಲೆ ನಿಂತಿತು.

ಇದಕ್ಕೇ ಅವನು ಇಷ್ಟು ದಿನ ಹೆದರಿದ್ದದ್ದು. ಕೇಳುವ ಮೊದಲೇ ಹೇಳತೊಡಗಿದ. ಹಳದಿಗೆ ತಿರುಗಿದ್ದು ಹೋದ ಬುಧವಾರದ್ದು, ಬಾಗಿಲ ಚಿಲಕ. ಹುಬ್ಬಿನ ಪಕ್ಕದ್ದು ಶನಿವಾರದ್ದು, ನೀರಿನ ಬಕೆಟ್ಟು. ಕಿವಿಯ ಹಿಂದಿನದು ಭಾನುವಾರ ಮಧ್ಯಾಹ್ನ, ಸ್ಟ್ಯಾಂಡಿನ ಕಾಲು. ಅಲ್ಲಿ ಬಟ್ಟೆ ಸುತ್ತಿದ್ದೆ, ಅವಳೇ ಬಿಚ್ಚಿದ್ದಳು. ಹೇಳತೊಡಗಿದವನಿಗೆ ನಿಲ್ಲಿಸಲಾಗಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನೆಲ್ಲ ಮನೇಲಿ ಯಾರ ಹತ್ರ ಹೇಳ್ಕೊಳ್ತೀರಿ?"

"ಯಾರ ಹತ್ರಾನೂ ಇಲ್ಲ, ಮೇಡಂ."

"ಇವಳ ತಾಯಿ?"

ಅವನು ವರ್ಗದ ಕತೆ ಹೇಳಿದ. ಡಾಕ್ಟರು ಮಗುವಿನ ಕಣ್ಣನ್ನು ಇನ್ನೊಮ್ಮೆ ನೋಡಿ, ಗಾಬರಿಪಡುವಂಥದ್ದು ಈಗ ಕಾಣುತ್ತಿಲ್ಲ, ಆದರೂ ನಾಲ್ಕು ಗಂಟೆ ಇಲ್ಲೇ ಇರಲಿ, ನೋಡೋಣ ಎಂದರು. ಎದ್ದು ಹೋಗುವಾಗ, "ಮೊದಲು ಅವರಿಗೆ ಫೋನ್ ಮಾಡಿ," ಎಂದರು.

ವಾರ್ಡಿನ ಕಿಟಕಿಯ ಬಳಿ ನಿಂತು ಅವನು ಶಾಲೆಗೆ ಫೋನ್ ಮಾಡಿದ. ಹೆಂಡತಿಯನ್ನು ತರಗತಿಯಿಂದ ಕರೆಸಿದರು. ಅವನು ಇವತ್ತಿನದನ್ನು ಹೇಳಿ, ಹಿಂದಿನದನ್ನೆಲ್ಲ ಹೇಳಿ, ಮುಚ್ಚಿಟ್ಟದ್ದನ್ನೂ ಹೇಳಿದ. ಆ ಕಡೆ ದೂರದಲ್ಲಿ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವುದು ಮಾತ್ರ ಕೇಳುತ್ತಿತ್ತು. ಬೈಯಲಿ ಎಂದು ಕಾದ.

"ಐದು ತಿಂಗಳ ಕೂಸಿದ್ದಾಗ ನನ್ನ ಕೈಯಲ್ಲೂ ಬಿದ್ದಿದ್ದಳು," ಎಂದಳು ಅವಳು. "ಮಂಚದಿಂದ. ನೀವು ಪೇಟೆಗೆ ಹೋಗಿದ್ರಿ. ನಿಮಗೆ ಹೇಳಕ್ಕೆ ಧೈರ್ಯ ಆಗ್ಲಿಲ್ಲ. ಇವತ್ತಿಗೂ ಪಾಠ ಮಾಡ್ತಾ ಮಾಡ್ತಾ ಆ ಸದ್ದು ಕೇಳುತ್ತೆ ನಂಗೆ."

"ಅಳಬೇಡ," ಎಂದ. ಅವನೇ ಅಳುತ್ತಿದ್ದ.

ಮತ್ತೆ ವಾಂತಿಯಾಗಲಿಲ್ಲ. ಮೂರನೆಯ ಗಂಟೆಗೆ ಗಟ್ಟಿಗಿತ್ತಿ ಬಿಸ್ಕತ್ತು ತಿಂದು, ಹಾಸಿಗೆಯ ಸರಳು ಹಿಡಿದು ಒಂದು ಕಾಲು ಆಚೆ ಹಾಕಿದಳು. ಅದನ್ನು ನೋಡಿದ ಡಾಕ್ಟರು, ಇನ್ನು ಕರೆದುಕೊಂಡು ಹೋಗಿ, ಇಲ್ಲದಿದ್ದರೆ ನಮ್ಮಲ್ಲೇ ಬೀಳುತ್ತಾಳೆ ಎಂದು ನಕ್ಕರು. ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ಸು ಬರಬೇಕೆಂದು ಎರಡೆರಡು ಸಲ ಹೇಳಿ ಕಳಿಸಿದರು.

ಶನಿವಾರ ಹೆಂಡತಿ ಬಂದಳು. ಚೀಲ ಕೆಳಗಿಡದೆ ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಕಿಟಕಿಯ ಬಳಿಯ ಸ್ಟೂಲನ್ನು ಇಬ್ಬರೂ ಸೇರಿ ಒಳಕೋಣೆಯ ಅಟ್ಟಕ್ಕೇರಿಸಿದರು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅವಳು ಹೊರಟುಹೋದಳು. ಅವಳಿಗೆ ಈ ಕಡೆ ವರ್ಗ ಸಿಗಲು ಇನ್ನೂ ಒಂದು ವರ್ಷ ಮೂರು ತಿಂಗಳು ಹಿಡಿಯಿತು.

ಬಸ್ಸು ಹತ್ತಿಸಿ ಬಂದ ಅಂದು ಸಂಜೆ, ಮಗಳು ಒಳಕೋಣೆಯ ಬಾಗಿಲಿಗೆ ಹಣೆ ಬಡಿಸಿಕೊಂಡಳು. ಅವನು ಒದ್ದೆ ಬಟ್ಟೆ ಒತ್ತಿ ಹಿಡಿದುಕೊಂಡೇ ಫೋನ್ ಮಾಡಿದ. ಬಸ್ಸಿನ ಗದ್ದಲದ ನಡುವೆ ಹೆಂಡತಿ, ಎಡಕ್ಕೋ ಬಲಕ್ಕೋ, ನೆಲ್ಲಿಕಾಯಿಯಷ್ಟೋ ನಿಂಬೆಯಷ್ಟೋ ಎಂದು ಕೇಳಿದಳು. ಎಡಕ್ಕೆ, ನೆಲ್ಲಿಕಾಯಿಗಿಂತ ಸಣ್ಣದು ಎಂದು ಅವನು ಹೇಳಿದ. ಮತ್ತೆ ಹೇಳಲು ಇಬ್ಬರಿಗೂ ಏನೂ ಇರಲಿಲ್ಲ. ಆದರೂ ಯಾರೂ ಫೋನ್ ಇಡಲಿಲ್ಲ. ಘಾಟಿಯಲ್ಲಿ ಸಿಗ್ನಲ್ ಹೋಗುವವರೆಗೂ ಅವನು ಬಸ್ಸಿನ ಸದ್ದನ್ನು ಕೇಳುತ್ತ ಕೂತಿದ್ದ.