ಅಕ್ಕನ ಪ್ಲಾಸ್ಟಿಕ್ ಮನೆಯ ಟೊಮೆಟೊ

ತೊಂಬತ್ತರ ದಶಕದಲ್ಲಿ ಬ್ಯಾಂಕಿನವರು ನನ್ನ ಗಂಡನನ್ನು ವಡೋದರಾಕ್ಕೆ ವರ್ಗ ಮಾಡಿದಾಗ, ಅಕ್ಕ ಅಲ್ಲೇ ಇದ್ದಾಳೆಂದು ನಾನು ಕುಣಿದಾಡಿದ್ದೆ. ಭಾವ ಮಕರಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಅವರ ಮನೆಯೂ ಅಲ್ಲೇ. ಎರಡೂ ಮನೆಗೆ ಹಿತ್ತಲಿತ್ತು, ಇಬ್ಬರೂ ಟೊಮೆಟೊ ಹಾಕಿದೆವು. ನನ್ನದು ಬಯಲಲ್ಲಿ. ಅಕ್ಕನಿಗಾದರೆ ಭಾವ ಗುಜರಿ ಪೈಪು ಬಗ್ಗಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಹಸಿರುಮನೆಯನ್ನೇ ಕಟ್ಟಿಕೊಟ್ಟರು. ಒಳಗೆ ಕಾಲಿಟ್ಟರೆ ಬೆಚ್ಚಗೆ, ಗಿಡಗಳು ನನ್ನ ತಲೆಗಿಂತ ಎತ್ತರ. ಹೊಗಳಿ ಹೊರಬಂದೆ, ಹೊಟ್ಟೆಯಲ್ಲಿ ಮಾತ್ರ ಬೆಂಕಿ.

ಆ ಚಳಿಗಾಲ ಧಾರವಾಡದಿಂದ ಅಪ್ಪ ಬಂದರು. ಮೇಷ್ಟರಾಗಿ ನಿವೃತ್ತರಾಗಿದ್ದ ಅವರಿಗೆ ಗಿಡವೆಂದರೆ ಜೀವ. ಇಳಿದುಕೊಂಡದ್ದು ನಮ್ಮಲ್ಲಿ. ಆದರೆ ಒಮ್ಮೆ ಅಕ್ಕನ ಹಸಿರುಮನೆ ನೋಡಿಬಂದದ್ದೇ ತಡ, ದಿನಾ ಚಹಾ ಮುಗಿಸಿ, ಮಫ್ಲರ್ ಸುತ್ತಿಕೊಂಡು ಅಲ್ಲಿಗೆ ಹೊರಟುಬಿಡುತ್ತಿದ್ದರು. ಅಜ್ಜನೆಲ್ಲಿ ಎಂದು ಯಾರಾದರೂ ಕೇಳಿದರೆ, ಕನ್ನಡ ಸರಿಯಾಗಿ ಬಾರದ ನನ್ನ ಮಗಳು "ನಾನಾ ಮಾಸಿನೇ ಘೇರ್" ಎಂದು ಗುಜರಾತಿಯಲ್ಲಿ ಹೇಳುವಳು. ಅಜ್ಜ ದೊಡ್ಡಮ್ಮನ ಮನೆಗಂತೆ! ಕೇಳಿ ಕೇಳಿ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ಅಪ್ಪಾ, ನನ್ನ ಗಿಡದ ಕಡೆ ಒಮ್ಮೆನೂ ಹೊಳ್ಳಿ ನೋಡೂದಿಲ್ಲಲ್ಲ?"

"ನಿನ್ನ ಗಿಡಕ್ಕೇನವ್ವಾ, ಗಾಳಿ ಅದ, ಹುಳ ಅದಾವ. ಹೂವು ಅಲುಗಿ ತಾವ ಕಾಯಿ ಕಟ್ತಾವ. ಅಕಿ ಪ್ಲಾಸ್ಟಿಕ್ ಮನಿಯೊಳಗ ಯಾವುದೂ ಇಲ್ಲ. ಹೂವೆಲ್ಲ ಉದುರಾಕತ್ತಾವ. ನಾ ಹೋಗಿ ಅಲುಗಿಸ್ಬೇಕು."

ನನ್ನ ಗಿಡಗಳಲ್ಲಿ ಆಗಲೇ ಕಾಯಿ, ಹಣ್ಣು ಜೋತಾಡುತ್ತಿದ್ದವು. ಅಪ್ಪ ದಿನವೂ ಉಣ್ಣುತ್ತಿದ್ದ ಸಾರು ಅದೇ ಹಣ್ಣಿನದು. ಚೆನ್ನಾಗಿದೆ ಎಂದೂ ಹೇಳಿರಲಿಲ್ಲ. ಚೆನ್ನಾಗಿ ಬೆಳೆದದ್ದೇ ತಪ್ಪಾಯಿತೇನೋ ಎನ್ನಿಸಿತು.

ಆಮೇಲೆ ಅಪ್ಪನಿಗೆ ಜ್ವರ ಬಂತು. ಕಂಬಳಿಯೊಳಗಿಂದಲೇ ನನಗೆ ಆಜ್ಞೆಯಾಯಿತು: "ಇವತ್ತ ನೀ ಹೋಗು." ಗೊಣಗುತ್ತಲೇ ಆಟೋ ಹತ್ತಿದೆ. ಅಪ್ಪ ಹೇಳಿಕೊಟ್ಟಂತೆ ಪೆನ್ಸಿಲಿನಿಂದ ಒಂದೊಂದೇ ಹೂಗೊಂಚಲಿನ ತೊಟ್ಟನ್ನು ತಟ್ಟಿದೆ. ಹಳದಿ ಪುಡಿ ಬೆರಳಿಗೆ ಹತ್ತಿತು. ಎಲೆಗಳ ಮರೆಯಲ್ಲಿ ಅವರು ತಟ್ಟಿದ್ದ ಹೂಗಳು ಸಣ್ಣ ಸಣ್ಣ ಹಸಿರು ಕಾಯಿಗಳಾಗಿದ್ದವು. ಅವುಗಳ ಮೇಲೂ ಸಿಟ್ಟು ಬಂತು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು, "ನೀ ಪುಣ್ಯವಂತಿ ಬಿಡು. ಇಷ್ಟು ದಿನ ಬಂದ್ರು, ಒಮ್ಮೆನೂ ನಮ್ಮನ್ಯಾಗ ಊಟಕ್ಕ ಕೂಡಲಿಲ್ಲ. ಸಣ್ಣಾಕಿ ಹಾದಿ ಕಾಯ್ತಿರ್ತಾಳ ಅಂತ ಓಡ್ತಿದ್ರು. ನನಗ ಹೊಟ್ಟಿ ಉರೀತಿತ್ತು."

ನಾನು ಮುಂದಿನ ಗೊಂಚಲು ತಟ್ಟಿದೆ. ಅಕ್ಕನಿಗೂ ಉರಿಯುತ್ತಿತ್ತೆಂದು ತಿಳಿದು ಮನಸ್ಸಿಗೆ ಹಾಲು ಕುಡಿದಷ್ಟು ತಂಪಾಯಿತು. ಮನೆಗೆ ಬಂದು ಅಪ್ಪನಿಗೆ ಗಂಜಿ ಮಾಡಿಕೊಟ್ಟೆ.

ಮರುವರ್ಷ ಹಟ ಹಿಡಿದು ಗಂಡನಿಂದ ನಾನೂ ಒಂದು ಪ್ಲಾಸ್ಟಿಕ್ ಮನೆ ಕಟ್ಟಿಸಿಕೊಂಡೆ. ಆ ಚಳಿಗಾಲ ಮತ್ತೆ ಬಂದ ಅಪ್ಪ ದಿನಾ ಮೊದಲು ನನ್ನ ಹೂಗಳನ್ನು ತಟ್ಟಿ, ಆಮೇಲೆ ಮಕರಪುರಕ್ಕೆ ಹೋಗುತ್ತಿದ್ದರು. ಅಕ್ಕ ಫೋನ್ ಮಾಡುವಳು: "ಅಪ್ಪ ಹೊಂಟ್ರೇನು?"

"ಇನ್ನೂ ಇಲ್ಲ," ಎಂದು ಹೇಳಿ, ಅಪ್ಪನಿಗೆ ಇನ್ನೊಂದು ಕಪ್ ಚಹಾಕ್ಕೆ ನೀರಿಡುತ್ತಿದ್ದೆ.