ಅವಿರೋಧ ಊರಿನ ಶೆಟ್ಟೆವ್ವ

ಯಂಕಂಚಿಯಿಂದ ಒಂದಿಷ್ಟು ಆಚೆಗಿರುವ ನಮ್ಮ ಹಳ್ಳಿಯಲ್ಲಿ ಮೂರು ಸಲ ಗ್ರಾಮ ಪಂಚಾಯ್ತಿಗೆ ಓಟೇ ಆಗಿರಲಿಲ್ಲ. ಹಿರಿಯರು ಚಾವಡಿಯಲ್ಲಿ ಕೂತು ಒಂದು ಹೆಸರು ಹೇಳುವುದು, ಉಳಿದವರು ಹೂಂ ಅನ್ನುವುದು. ಇದಕ್ಕೆ ಅವಿರೋಧ ಆಯ್ಕೆ ಎಂದು ಹೆಸರು. ಪತ್ರಿಕೆಯೊಂದು ಮಾದರಿ ಗ್ರಾಮ ಎಂದು ಬೇರೆ ಬರೆಯಿತು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ವಿರೋಧಿಸಿದವರಿಗೆ ಮರುದಿನ ಆ ಹಿರಿಯರ ಹೊಲಗಳಲ್ಲಿ ಕೂಲಿಯಿಲ್ಲ. ಹೊಟ್ಟೆ ಅವರ ಕೈಯಲ್ಲಿರುವಾಗ ಬಾಯಿ ಯಾರು ತೆರೆದಾರು?

ತೆರೆದವಳು ಶೆಟ್ಟೆವ್ವ. ಚಾವಡಿಯ ಹಿರಿಯರಲ್ಲೊಬ್ಬರಾದ ರೇವಪ್ಪಗೌಡರ ಹೊಲದಲ್ಲಿ ಇಪ್ಪತ್ತು ವರ್ಷ ಕಳೆ ತೆಗೆದವಳು. ಸಿಂದಗಿಗೆ ದಿನಾ ಬಸ್ಸು ಶುರುವಾದ ಮೇಲೆ ಗೆಳತಿ ಅಬಿದಾಳನ್ನು ಕಟ್ಟಿಕೊಂಡು ಅಲ್ಲಿನ ಖಾನಾವಳಿಗಳಿಗೆ ಖಡಕ್ ರೊಟ್ಟಿ ಕಳಿಸತೊಡಗಿದಳು. ಈಗ ಅವಳ ಓಣಿಯ ಹೆಂಗಸರೆಲ್ಲ ಹೊಲದ ಕೂಲಿ ಬಿಟ್ಟು ಅವಳ ಮನೆಯಲ್ಲೇ ರೊಟ್ಟಿ ಬಡಿಯುತ್ತಾರೆ. ಈ ಸಲ ಚಾವಡಿಯಲ್ಲಿ ಗೌಡರ ಮಗ ಚೇತನಕುಮಾರನ ಹೆಸರು ಬಂದಾಗ ಶೆಟ್ಟೆವ್ವ ಹೂಂ ಅನ್ನಲಿಲ್ಲ. ಹೋಗಿ ತಾನೇ ನಾಮಪತ್ರ ಕೊಟ್ಟು ಬಂದಳು. ಸೂಚಕಳಾಗಿ ಸಹಿ ಹಾಕಿದವಳು ಅಬಿದಾ.

ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನ ಗೌಡರ ಆಳು ಅವಳನ್ನು ಚಾವಡಿಗೆ ಕರೆಯಲು ಬಂದ.

"ಕೈ ಹಿಟ್ಟಾಗೈತಿ. ಮಾತಾಡೂದಿದ್ರ ಅವ್ರನ್ನ ಇಲ್ಲೇ ಬರ್ರಿ ಅನ್ನು" ಎಂದಳು.

ಗೌಡರೇ ಬಂದರು. ಮುಖ ಕೆಂಪಗಾಗಿತ್ತು.

"ಶೆಟ್ಟೆವ್ವಾ, ಸುಮ್ನ ವಾಪಸ್ ತಗೋ. ಇಲ್ಲಂದ್ರ ನಾಳಿಂದ ನಿಮ್ಮ ಓಣ್ಯಾಗ ಒಬ್ಬಾಕಿಗೂ ನಮ್ಮ ಹೊಲದಾಗ ಕೂಲಿ ಇಲ್ಲ ನೋಡು."

ಶೆಟ್ಟೆವ್ವ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೌಡ್ರ, ನಮ್ಮ ಓಣ್ಯಾಗಿಂದ ನಿಮ್ಮ ಹೊಲಕ್ಕ ಈಗ ಯಾರು ಬರ್ತಾರ್ರಿ? ಎರಡು ವರ್ಷಾತು."

ಹೆಂಗಸರೆಲ್ಲ ಕಿಸಕ್ಕೆಂದು ನಕ್ಕರು. ತಮ್ಮ ಹೊಲಕ್ಕೆ ಯಾರು ಬರುತ್ತಾರೆ, ಯಾರು ಬಿಟ್ಟಿದ್ದಾರೆ ಎಂಬುದೂ ಗೊತ್ತಿಲ್ಲದ ಗೌಡರು ಬಂದ ದಾರಿ ಹಿಡಿದರು.

ಆಮೇಲಿನ ಎಂಟು ದಿನ ಅದೇ ಗೌಡರು ಮಗನನ್ನು ಕರೆದುಕೊಂಡು ಆ ಓಣಿಯ ಒಂದೊಂದೇ ಬಾಗಿಲಿಗೆ ನಿಂತು ಕೈ ಮುಗಿದರು. "ಎವ್ವಾ, ನಮ್ಮನ್ನ ನೆನಪಿಡ್ರಿ" ಎಂದರು. ನಳ ಯಾವಾಗ ಹಾಕಿಸುತ್ತೀರಿ ಎಂದು ಮುದುಕಿಯರೂ ದಬಾಯಿಸಿ ಕೇಳಿದರು.

ಶೆಟ್ಟೆವ್ವ ಏಳು ಓಟಿನಿಂದ ಸೋತಳು. ಅತ್ತ ಪಟಾಕಿ, ಇತ್ತ ಅಬಿದಾಳ ಅಳು.

"ಅಳಬ್ಯಾಡ ತಗಿ" ಎಂದು ಶೆಟ್ಟೆವ್ವ ಗದರಿದಳು. "ಇಷ್ಟು ವರ್ಷ ನಮ್ಮನ್ನ ಯಾರರ ಕೇಳಿದ್ರೇನು? ಈ ಸಲ ಕೇಳ್ಯಾರ. ಇನ್ನ ಕೇಳದ ಹೆಂಗ ಇರ್ತಾರ, ನಾನೂ ನೋಡ್ತೇನಿ."